ಚಾರ್ಟ್ ನೋಡಿ ತಲೆಯಾಡಿಸುತ್ತಾರೆ, ಮನೆಯಲ್ಲಿ ಏನೂ ಬದಲಾಗುವುದಿಲ್ಲ: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ಆರೋಗ್ಯ ಕೇಂದ್ರವೊಂದರಲ್ಲಿ ಆಹಾರ ಸಲಹೆಗಾರ್ತಿಯಾಗಿ ಸೇರಿ ಎಂಟು ತಿಂಗಳಾಯಿತು. ನಮ್ಮಲ್ಲಿಗೆ ಬರುವವರು ಐದಾರು ಭಾಷೆಯವರು, ಮೂರ್ನಾಲ್ಕು ಧರ್ಮದವರು. ಬೇರೆ ದೇಶಗಳಿಂದ ಬಂದು ನೆಲೆಸಿದವರೂ ಇದ್ದಾರೆ. ತಟ್ಟೆಯ ಚಿತ್ರವಿರುವ ಚಾರ್ಟ್ ತೋರಿಸಿ ವಿವರಿಸುತ್ತೇನೆ, ಎಲ್ಲರೂ ತಲೆಯಾಡಿಸುತ್ತಾರೆ, ಮುಂದಿನ ತಿಂಗಳು ಬಂದಾಗ ಏನೂ ಬದಲಾಗಿರುವುದಿಲ್ಲ. ಒಬ್ಬರಂತೂ "ಇದು ನಮ್ಮ ಊಟ ಅಲ್ಲ" ಎಂದು ಮುಖಕ್ಕೇ ಹೇಳಿದರು. ಒಬ್ಬ ಬಾಣಂತಿ "ತಂಪು" ಎಂದು ಹಣ್ಣು, ಸೊಪ್ಪು ಮುಟ್ಟುತ್ತಿಲ್ಲ. ಸಕ್ಕರೆ ಕಾಯಿಲೆ ಇರುವ ಹಿರಿಯರೊಬ್ಬರು ರಂಜಾನ್ ಉಪವಾಸ ಮಾಡಿಯೇ ತೀರುತ್ತೇನೆ ಎನ್ನುತ್ತಾರೆ. ಇನ್ನು ಕೆಲವರಿಗೆ ಹಾಲು ಎಂದರೇ ಆಗದು. ಸಮುದಾಯಕ್ಕೊಂದು ಚಾರ್ಟ್ ಮಾಡಿ ಎಂದು ಒಬ್ಬ ಸಹೋದ್ಯೋಗಿ ಹೇಳಿದರೆ, ವಿಜ್ಞಾನ ಎಲ್ಲರಿಗೂ ಒಂದೇ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ ಎಂದು ಇನ್ನೊಬ್ಬರು. ನಂಬಿಕೆಗೆ ಕೈ ಹಾಕಿದರೆ ಅವಮಾನ ಮಾಡಿದಂತೆ, ಹಾಕದಿದ್ದರೆ ಕೆಲಸ ಮಾಡದಂತೆ. ಏನು ಮಾಡಲಿ?

ಉತ್ತರ: ನೀವು ನಾಲ್ಕು ಜನರ ವಿಷಯ ಬರೆದಿದ್ದೀರಿ, ಆದರೆ ನಿಮ್ಮನ್ನು ಕಾಡುತ್ತಿರುವುದು ಕೊನೆಯ ಸಾಲು. ಅಲ್ಲಿಂದಲೇ ಶುರುಮಾಡೋಣ. ನಂಬಿಕೆಗೆ ಕೈ ಹಾಕಬೇಕೇ ಬೇಡವೇ ಎಂಬುದು ಎಲ್ಲ ನಂಬಿಕೆಗೂ ಒಂದೇ ಉತ್ತರವಿರುವ ಪ್ರಶ್ನೆಯಲ್ಲ. ಆಹಾರ ಪದ್ಧತಿಗಳನ್ನು ಮೂರು ರಾಶಿ ಮಾಡಿಕೊಳ್ಳಿ: ದೇಹಕ್ಕೆ ಒಳ್ಳೆಯದು ಮಾಡುವವು, ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ ಎನ್ನುವವು, ಹಾನಿ ಮಾಡುವವು. ಮೊದಲನೆಯದನ್ನು ಬಾಯಿಬಿಟ್ಟು ಹೊಗಳಿ, ಎರಡನೆಯದನ್ನು ಹಾಗೇ ಬಿಡಿ, ಮೂರನೆಯದನ್ನು ಮಾತ್ರ ಮುಟ್ಟಿ. ನರ್ಸಿಂಗ್ ವಿದ್ವಾಂಸೆ ಮ್ಯಾಡೆಲೀನ್ ಲೈನಿಂಜರ್ ಹೆಚ್ಚುಕಡಿಮೆ ಇದನ್ನೇ ಹೇಳಿದ್ದು: ಉಳಿಸುವುದು, ಹೊಂದಿಸಿಕೊಳ್ಳುವುದು, ಬದಲಿಸುವುದು. ಹೊಸದಾಗಿ ಈ ಕೆಲಸಕ್ಕೆ ಬಂದವರು ಸಾಮಾನ್ಯವಾಗಿ ಎಡವುವುದು ಎರಡನೇ ರಾಶಿಯಲ್ಲಿ. ಯಾವ ತೊಂದರೆಯನ್ನೂ ಕೊಡದ ಪಥ್ಯದ ಮೇಲೆ ವಾದ ಮಾಡಿ ವಿಶ್ವಾಸ ಕಳೆದುಕೊಂಡರೆ, ಮೂರನೇ ರಾಶಿಯ ಮಾತು ಬಂದಾಗ ಕೇಳುವವರು ಇರುವುದಿಲ್ಲ.

ನಿಮ್ಮ ಇಬ್ಬರು ಸಹೋದ್ಯೋಗಿಗಳಲ್ಲಿ ಯಾರೂ ಪೂರ್ತಿ ಸರಿಯಿಲ್ಲ. "ವಿಜ್ಞಾನ ಒಂದೇ" ಎನ್ನುವವರು ಚಾರ್ಟನ್ನೇ ವಿಜ್ಞಾನ ಅಂದುಕೊಂಡಿದ್ದಾರೆ. ಮೂರು ಭಾಗ ಮಾಡಿದ ತಟ್ಟೆಯ ಚಿತ್ರ, ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಬಡಿಸುವ ಮನೆಗೆ ಸರಿ. ಇಥಿಯೋಪಿಯಾದಲ್ಲಿ, ಅರಬ್ ನಾಡುಗಳಲ್ಲಿ ಒಂದೇ ದೊಡ್ಡ ಹರಿವಾಣದ ಸುತ್ತ ಕೂತು ಉಣ್ಣುತ್ತಾರೆ. "ನಿಮ್ಮ ತಟ್ಟೆಯ ಅರ್ಧ ಭಾಗ ತರಕಾರಿ" ಎಂದರೆ ಅವರಿಗೆ ಯಾವ ತಟ್ಟೆ? ಅಳತೆಗಳೂ ಎಲ್ಲರಿಗೂ ಒಂದೇ ಅಲ್ಲ. ದೇಹತೂಕ ಸೂಚ್ಯಂಕ 25 ದಾಟಿದರೆ ಅಧಿಕ ತೂಕ ಎನ್ನುವುದು ಸಾಮಾನ್ಯ ಲೆಕ್ಕ. ಏಷ್ಯಾ ಮೂಲದವರಿಗೆ ಅದಕ್ಕಿಂತ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆಯ ಅಪಾಯ ಏರುತ್ತದೆ, ಹಾಗಾಗಿ 23 ಮುಟ್ಟಿದರೆ ಅಪಾಯ ಏರಿದಂತೆ, 27.5 ಮುಟ್ಟಿದರೆ ಅಪಾಯ ಹೆಚ್ಚೇ ಇದ್ದಂತೆ ಎಂದು ಎಚ್ಚರ ವಹಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2004ರಲ್ಲಿ ಸೂಚಿಸಿತು.

ಇನ್ನು ಸಮುದಾಯಕ್ಕೊಂದು ಚಾರ್ಟ್. ಕೇಳಲು ಚೆನ್ನ, ಮಾಡಲು ಹೋದರೆ ಗುಂಡಿ. ಒಂದೇ ಧರ್ಮದ, ಒಂದೇ ಭಾಷೆಯ ಎರಡು ಮನೆಗಳಲ್ಲಿ ಒಂದರಲ್ಲಿ ಮೀನು ಬೇಯುತ್ತದೆ, ಇನ್ನೊಂದಕ್ಕೆ ಮೊಟ್ಟೆಯೂ ಬರುವುದಿಲ್ಲ. ವಲಸೆ ಬಂದು ಇಪ್ಪತ್ತು ವರ್ಷವಾದವರ ಅಡುಗೆಮನೆಗೂ ಕಳೆದ ವರ್ಷ ಬಂದವರ ಅಡುಗೆಮನೆಗೂ ಸಂಬಂಧವೇ ಇರದು. ಹೆಸರು ನೋಡಿ ಚಾರ್ಟ್ ತೆಗೆದುಕೊಟ್ಟರೆ "ನಮ್ಮನ್ನು ಹೀಗೆ ಅಂದುಕೊಂಡಿದ್ದೀರಾ" ಎಂಬ ಮಾತು ಬಂದೇ ಬರುತ್ತದೆ. ಇನ್ನೂ ಒಂದು ಮೋಸವಿದೆ. "ನಾವು ಅದನ್ನು ತಿನ್ನುವುದಿಲ್ಲ" ಎಂದವರು ಕೆಲವೊಮ್ಮೆ ಹೇಳುತ್ತಿರುವುದು "ಅದನ್ನು ಕೊಳ್ಳಲು ದುಡ್ಡಿಲ್ಲ" ಎಂದು. ಬಡತನಕ್ಕೆ ಸಂಸ್ಕೃತಿಯ ಹೆಸರು ಕೊಟ್ಟು ಸಲಹೆ ಬರೆದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಚಾರ್ಟ್ ಬದಲು ಒಂದು ಕೇಳುವ ಕ್ರಮ ರೂಢಿಸಿಕೊಳ್ಳಿ. ಸಮುದಾಯ ಯಾವುದು ಎಂದಲ್ಲ, ನಿನ್ನೆ ಮನೆಯಲ್ಲಿ ಏನಾಯಿತು ಎಂದು ಕೇಳುವುದು. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ತಿಂದದ್ದು, ಕುಡಿದದ್ದು ಏನೇನು ಎಂದು ಮೊದಲು ತಡೆಯದೆ ಹೇಳಿಸಿ. ಆಮೇಲೆ ಮರೆತದ್ದನ್ನು ಎತ್ತಿ: ಟೀ, ಕಾಫಿ, ನಡುವೆ ಬಾಯಾಡಿಸಿದ್ದು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ನೆಂಚಿಕೊಂಡದ್ದು. ಮೂರನೇ ಸುತ್ತಿನಲ್ಲಿ ಯಾವ ಹೊತ್ತಿಗೆ, ಯಾರ ಜೊತೆ. ನಾಲ್ಕನೆಯದರಲ್ಲಿ ಹೇಗೆ ಬೇಯಿಸಿದ್ದು, ಎಷ್ಟು. ಕೊನೆಗೆ ಇನ್ನೇನಾದರೂ ಇದೆಯೇ ಎಂದು ಒಂದು ಸಲ. ಮೊದಲ ಸುತ್ತಿನಲ್ಲೇ ನಡುವೆ ಬಾಯಿ ಹಾಕಿ "ಎಣ್ಣೆ ಎಷ್ಟು ಹಾಕಿದಿರಿ" ಎಂದರೆ ಎದುರಿಗಿದ್ದವರು ನಿಮಗೆ ಇಷ್ಟವಾಗುವ ಊಟವನ್ನು ಕಟ್ಟಿ ಹೇಳಲು ಶುರುಮಾಡುತ್ತಾರೆ. ಮುಖದಲ್ಲಿ ಸಣ್ಣ ಅಸಮಾಧಾನ ಕಂಡರೂ ಅಷ್ಟೇ. ಮೊದಲ ಭೇಟಿಗೆ ಅರ್ಧ ಗಂಟೆಗೆ ಕಡಿಮೆ ಇಲ್ಲದಂತೆ ಸಮಯ ಬೇಕು, ಈ ದಾರಿಯ ದೊಡ್ಡ ತೊಡಕೇ ಅದು.

ಪ್ರಮಾಣ ತಿಳಿಯಲು ಬಾಯಿಮಾತನ್ನು ನಂಬಬೇಡಿ, ಖರೀದಿಯನ್ನು ಕೇಳಿ. ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಐದು ಜನರ ಮನೆಯಲ್ಲಿ ಇಪ್ಪತ್ತು ದಿನಕ್ಕೆ ಮುಗಿಯುತ್ತದೆ ಎಂದರೆ ತಲೆಗೆ ದಿನಕ್ಕೆ 10 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ, ಅಂದರೆ ಮಟ್ಟಸವಾದ ಒಂದು ಟೀ ಚಮಚದೊಳಗೆ. ತೊಳೆದ ನೀರಿಗೆ, ಉಪ್ಪಿನಕಾಯಿಗೆ ಹೋದದ್ದನ್ನು ಕಳೆದರೂ ಹೆಚ್ಚೇ. ಒಂದು ಲೀಟರ್ ಎಣ್ಣೆ ನಾಲ್ಕು ಜನರಿಗೆ ಇಪ್ಪತ್ತು ದಿನ ಬಂದರೆ ತಲೆಗೆ 12.5 ಮಿ.ಲೀ., ಅದು ಅಷ್ಟೇನೂ ಜಾಸ್ತಿಯಲ್ಲ. ಎಣ್ಣೆ ಕಡಿಮೆ ಮಾಡಿ ಎಂಬ ಮಾತು ಆ ಮನೆಗೆ ಬೇಕಿಲ್ಲ. "ಒಂದು ಕಪ್" ಎನ್ನುವುದನ್ನೂ ಬಿಡಿ. ಅವರ ಮನೆಯ ಸೌಟನ್ನೇ ತರಲು ಹೇಳಿ, ನೀರು ತುಂಬಿ, ಅಳತೆ ಲೋಟಕ್ಕೆ ಸುರಿದು ನೋಡಿ. ಒಂದು ಮನೆಯ ಸೌಟು 60 ಮಿ.ಲೀ. ಹಿಡಿದರೆ ಇನ್ನೊಂದರದ್ದು 150 ಹಿಡಿಯಬಹುದು. ಆಮೇಲೆ ಸಲಹೆಯನ್ನು ಆ ಸೌಟಿನ ಲೆಕ್ಕದಲ್ಲೇ ಕೊಡಿ.

ಉಪ್ಪಿನ ಮಾತು ಬಂತಲ್ಲ, ಅದರಲ್ಲೇ ಚಾರ್ಟ್ ಹೇಗೆ ಕೈಕೊಡುತ್ತದೆ ನೋಡಿ. ಬಿ.ಪಿ. ಇರುವವರಿಗೆ "ಅಡುಗೆಗೆ ಉಪ್ಪು ಕಡಿಮೆ ಮಾಡಿ" ಎನ್ನುತ್ತೀರಿ. ಪೂರ್ವ ಏಷ್ಯಾದ ಕಡೆಯ ಅಡುಗೆಯವರು "ನಾವು ಉಪ್ಪೇ ಹಾಕುವುದಿಲ್ಲ" ಎಂದು ಪ್ರಾಮಾಣಿಕವಾಗಿ ಹೇಳುತ್ತಾರೆ. ಅವರು ಹಾಕುವುದು ಸೋಯಾ ಸಾಸ್. ಅದರ ಒಂದು ಟೇಬಲ್ ಚಮಚದಲ್ಲಿ ಸುಮಾರು 900 ಮಿ.ಗ್ರಾಂ. ಸೋಡಿಯಂ ಇರುತ್ತದೆ, ಉಪ್ಪಿನ ಲೆಕ್ಕಕ್ಕೆ ತರಲು ಎರಡೂವರೆಯಿಂದ ಗುಣಿಸಿದರೆ ಎರಡೂಕಾಲು ಗ್ರಾಂ ಉಪ್ಪು. ಸಾರಿಗೆ ಹಾಕುವ ಸ್ಟಾಕ್ ಕ್ಯೂಬ್‌ಗಳಲ್ಲಿ ಹೆಚ್ಚಿನವು ಸುಮಾರು ಅರ್ಧದಷ್ಟು ಉಪ್ಪೇ. ಇಂಥ ಮನೆಗಳಲ್ಲಿ ಅಯೋಡಿನ್ ಎಲ್ಲಿಂದ ಬರುತ್ತಿದೆ ಎಂದೂ ವಿಚಾರಿಸಬೇಕು, ಏಕೆಂದರೆ ಅಯೋಡಿನ್ ಸೇರಿಸಿದ ಉಪ್ಪು ಅಲ್ಲಿ ಬಳಕೆಯಲ್ಲೇ ಇಲ್ಲದಿರಬಹುದು. ಪೊಟ್ಯಾಸಿಯಂ ಬೆರೆಸಿದ "ಕಡಿಮೆ ಸೋಡಿಯಂ" ಉಪ್ಪನ್ನು ಎಲ್ಲರಿಗೂ ಹೇಳಬೇಡಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಅಪಾಯ.

ಮೂರು ರಾಶಿಗೆ ಮರಳೋಣ. ಹಳೆಯ ಪದ್ಧತಿಯೆಲ್ಲ ಒಳ್ಳೆಯದು ಎನ್ನುವುದೂ ಮೂಢನಂಬಿಕೆಯೇ, ಹಳೆಯದೆಲ್ಲ ಮೂಢನಂಬಿಕೆ ಎನ್ನುವುದೂ ಮೂಢನಂಬಿಕೆಯೇ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಜನ ಸಾವಿರಾರು ವರ್ಷಗಳಿಂದ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ಅರೆಯುತ್ತಾರೆ. ಹಾಗೆ ಮಾಡಿದಾಗಲೇ ಅದರಲ್ಲಿ ಬಿಗಿದುಕೊಂಡಿರುವ ನಿಯಾಸಿನ್ ಎಂಬ ಬಿ ಜೀವಸತ್ವ ದೇಹಕ್ಕೆ ಸಿಗುವುದು. ಮೆಕ್ಕೆಜೋಳ ಯುರೋಪಿಗೆ ಹೋಯಿತು, ಸುಣ್ಣದ ಕ್ರಮ ಹಿಂದೆ ಉಳಿಯಿತು. ಇಟಲಿ, ಸ್ಪೇನ್‌ಗಳಲ್ಲಿ, ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಅದನ್ನೇ ನೆಚ್ಚಿಕೊಂಡ ಬಡವರನ್ನು ಪೆಲ್ಲಾಗ್ರ ಹಿಡಿಯಿತು: ಚರ್ಮ ಸುಲಿಯುವುದು, ಭೇದಿ, ಬುದ್ಧಿಭ್ರಮೆ, ಸಾವು. ಅದು ಅಂಟುರೋಗ ಎಂದೇ ಹಲವರು ನಂಬಿದ್ದರು. 1914ರಿಂದ ಅದರ ಬೆನ್ನು ಹತ್ತಿದ ಅಮೆರಿಕದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಆಹಾರದ ಕೊರತೆ ಎಂದು ತೋರಿಸಿದರು. ಕಹಿ ಮರಗೆಣಸನ್ನು ದಿನಗಟ್ಟಲೆ ನೆನೆಸಿ ಹುಳಿ ಬರಿಸುವ ಆಫ್ರಿಕದ ಕ್ರಮವೂ ಇಂಥದ್ದೇ, ಸಯನೈಡ್ ಹೋಗುವುದು ಆ ನೆನೆಯುವುದರಲ್ಲಿ. ಹಾಗಾಗಿ ನಿಮಗೆ ವಿಚಿತ್ರವಾಗಿ ಕಂಡ ಹಂತವೊಂದನ್ನು "ಇದೇನು, ಬಿಡಿ" ಎನ್ನುವ ಮೊದಲು ಅದು ಏನು ಮಾಡುತ್ತಿದೆ ಎಂದು ತಿಳಿದುಕೊಳ್ಳಿ.

ಈಗ ನಿಮ್ಮ ಬಾಣಂತಿ. ಉಷ್ಣ-ತಂಪು ಎಂಬ ವಿಂಗಡಣೆ ಒಂದು ಊರಿನದಲ್ಲ. ದಕ್ಷಿಣ ಏಷ್ಯಾದಲ್ಲಿದೆ, ಚೀನಾದಲ್ಲಿದೆ, ಲ್ಯಾಟಿನ್ ಅಮೆರಿಕದಲ್ಲೂ ಇದೆ. ಹೆರಿಗೆಯ ನಂತರ ಮೈ "ತಣ್ಣಗಾಗಿದೆ", ಅದನ್ನು ಬೆಚ್ಚಗೆ ಮಾಡಬೇಕು ಎಂಬ ಭಾವನೆ ಈ ಮೂರೂ ಕಡೆ ಕಾಣುತ್ತದೆ. ಚೀನಾದಲ್ಲಿ ಒಂದು ತಿಂಗಳ, ಲ್ಯಾಟಿನ್ ಅಮೆರಿಕದಲ್ಲಿ ನಲವತ್ತು ದಿನಗಳ ಆರೈಕೆ. ಇದು ಮುಟ್ಟಿ ನೋಡುವ ಬಿಸಿಯಲ್ಲ, ಪದಾರ್ಥದ ಗುಣ. ಯಾವುದು ಉಷ್ಣ, ಯಾವುದು ತಂಪು ಎಂಬ ಪಟ್ಟಿ ನಾಡಿನಿಂದ ನಾಡಿಗಿರಲಿ, ಮನೆಯಿಂದ ಮನೆಗೇ ಬೇರೆ. ಆದ್ದರಿಂದ ಪುಸ್ತಕದ ಪಟ್ಟಿ ಹಿಡಿದು ಹೋಗಬೇಡಿ.

"ತಂಪು ಎಂಬುದೆಲ್ಲ ಸುಳ್ಳು" ಎನ್ನುವುದರ ಬದಲು ಹೀಗೆ ಕೇಳಿ: "ಈಗ ನಿಮಗೆ ಯಾವುದೆಲ್ಲ ಆಗುತ್ತದೆ?" ಆ ಪಟ್ಟಿಯಲ್ಲಿ ಮೊಟ್ಟೆ, ಮಾಂಸದ ಸಾರು, ಎಳ್ಳು, ಬೇಳೆಗಳಲ್ಲಿ ಯಾವುದಾದರೂ ಇದ್ದರೆ ಪ್ರೋಟೀನಿನ ಚಿಂತೆ ಬಹುಪಾಲು ಅಲ್ಲೇ ಮುಗಿಯಿತು. ಮುಂದಿನ ಪ್ರಶ್ನೆ: "ತಂಪಿನ ಪದಾರ್ಥ ತಿನ್ನಲೇಬೇಕಾದಾಗ ನಿಮ್ಮಲ್ಲಿ ಏನು ಸೇರಿಸಿ ಸರಿಮಾಡುತ್ತಾರೆ?" ಉತ್ತರ ಹೆಚ್ಚಾಗಿ ಸಿದ್ಧವಾಗಿಯೇ ಇರುತ್ತದೆ. ಶುಂಠಿ, ಮೆಣಸು, ಬೆಳ್ಳುಳ್ಳಿ ಹಾಕಿ ಬೇಯಿಸುತ್ತಾರೆ, ಬಿಸಿ ಸಾರಿನಲ್ಲಿ ಕದಡುತ್ತಾರೆ. ಹಸಿ ಸೊಪ್ಪು ಬೇಡವಾದರೆ ಶುಂಠಿ ಹಾಕಿ ಬೇಯಿಸಿದ ಸೊಪ್ಪು, ಹಣ್ಣು ಬೇಡವಾದರೆ ಬೇಯಿಸಿದ ಹಣ್ಣು, ತಣ್ಣೀರು ಬೇಡವಾದರೆ ಬಿಸಿನೀರು. ಬೇಯಿಸಿದರೆ ಸಿ ಜೀವಸತ್ವ ಒಂದಿಷ್ಟು ಹೋಗುತ್ತದೆ, ಹೋಗಲಿ. ತಿನ್ನದೇ ಇದ್ದರೆ ಪೂರ್ತಿಯೇ ಹೋಗುತ್ತದೆ. ಮೊಲೆಯುಣಿಸುವ ತಾಯಿಗೆ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿ ಹೆಚ್ಚು ಬೇಕು ಎಂಬುದು ಬಾಣಂತಿಯನ್ನು ಚೆನ್ನಾಗಿ ಉಣ್ಣಿಸಬೇಕೆಂಬ ಹಳೆಯ ಮಾತಿಗೆ ಹೊಂದುತ್ತದೆ. ಅದನ್ನು ಅತ್ತೆಯ ಎದುರಿಗೇ ಹೇಳಿ, ಏಕೆಂದರೆ ಒಲೆಯ ಮುಂದೆ ನಿರ್ಧಾರ ಮಾಡುವುದು ಬಾಣಂತಿಯಲ್ಲ. ಸಲಹೆಗೆ ಅವಳೊಬ್ಬಳನ್ನೇ ಕರೆದಿದ್ದರೆ ಮುಂದಿನ ಸಲ ಅಡುಗೆ ಮಾಡುವವರನ್ನೂ ಕರೆಯಿರಿ.

ಇಷ್ಟು ಬಗ್ಗಿದ ಮೇಲೆ ಬಗ್ಗಬಾರದ ಜಾಗಗಳೂ ಇವೆ. ಹೆರಿಗೆಯಾದ ತಕ್ಷಣ ಬರುವ ಹಳದಿ ಹಾಲನ್ನು ಕೊಳೆ ಎಂದು ಹಿಂಡಿ ಚೆಲ್ಲುವುದು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವುದು. ಆರು ತಿಂಗಳೊಳಗಿನ ಮಗುವಿಗೆ ನೀರು ಕೊಡುವುದು. ಬಾಣಂತಿಗೆ ಬಾಯಾರಿದರೂ ನೀರು ತಡೆಯುವುದು. ವರ್ಷದೊಳಗಿನ ಮಗುವಿಗೆ ಜೇನಿನಲ್ಲಿರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಾಣುಗಳು ಪ್ರಾಣಕ್ಕೇ ಮುಳುವಾಗಬಹುದು. ಇವನ್ನು ಸುತ್ತಿಬಳಸದೆ, ಕಾರಣ ಸಮೇತ, ಸಾಧ್ಯವಾದರೆ ಹೆರಿಗೆಗೆ ಮೊದಲೇ ಹೇಳಬೇಕು. ಹುಟ್ಟಿದ ಕೂಸನ್ನು ಸ್ವಾಗತಿಸುವ ಶಾಸ್ತ್ರ ಬೇಕೇ ಬೇಕು ಎನ್ನುವವರಿಗೆ ಜೇನನ್ನು ತಾಯಿಯ ಅಥವಾ ಅಜ್ಜಿಯ ತುಟಿಗೆ ಮುಟ್ಟಿಸಿ ಮುಗಿಸಬಹುದೇ ಎಂದು ಕೇಳಿ ನೋಡಿ. ಶಾಸ್ತ್ರ ಉಳಿಯುತ್ತದೆ, ಮಗುವಿನ ಬಾಯಿಗೆ ಏನೂ ಹೋಗುವುದಿಲ್ಲ.

ಹಾಲು ಒಲ್ಲದವರ ವಿಷಯ ಸರಳ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡರಷ್ಟು ಜನರಿಗೆ ಬಾಲ್ಯ ಕಳೆದ ಮೇಲೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗಿಸುವ ಶಕ್ತಿ ತಗ್ಗುತ್ತದೆ. ಅದು ಕಾಯಿಲೆಯಲ್ಲ, ಜಗತ್ತಿನ ರೂಢಿ. ಬೇಕೆನಿಸಿದರೆ ಊಟದ ಜೊತೆ ಸ್ವಲ್ಪ ಸ್ವಲ್ಪ ಕುಡಿದು ನೋಡಬಹುದು, ಮೊಸರು ಎಷ್ಟೋ ಜನರಿಗೆ ಒಗ್ಗುತ್ತದೆ. ಬೇಡವಾದರೆ ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ಕ್ಯಾಲ್ಸಿಯಂ ಲವಣ ಹಾಕಿ ಗಟ್ಟಿಮಾಡಿದ ತೋಫು, ಎಳ್ಳು, ಸೊಪ್ಪುಗಳಿವೆ. ಪಾಲಕ್ ಮಾತ್ರ ಲೆಕ್ಕಕ್ಕಿಲ್ಲ. ಅದರ ಕ್ಯಾಲ್ಸಿಯಂನಲ್ಲಿ ದೇಹಕ್ಕೆ ದಕ್ಕುವುದು ನೂರಕ್ಕೆ ಐದರಷ್ಟು, ಉಳಿದದ್ದನ್ನು ಆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಪದಾರ್ಥ ಹಿಡಿದಿಟ್ಟುಕೊಳ್ಳುತ್ತದೆ. ಎಲೆಕೋಸಿನ ಬಳಗದ ಸೊಪ್ಪುಗಳಲ್ಲಿ ಆ ತೊಂದರೆ ಇಲ್ಲ.

ರಂಜಾನ್ ಉಪವಾಸದ ಹಿರಿಯರ ವಿಷಯಕ್ಕೆ ಬಂದರೆ, ಇಲ್ಲಿ ಎರಡು ಬಗೆಯ ತಪ್ಪಾಗುತ್ತದೆ. ಒಂದು, "ನಿಮ್ಮ ಧರ್ಮದಲ್ಲೇ ರೋಗಿಗಳಿಗೆ ವಿನಾಯಿತಿ ಇದೆಯಲ್ಲ" ಎಂದು ನಾವೇ ಧರ್ಮ ಹೇಳಹೊರಡುವುದು. ವಿನಾಯಿತಿ ಕುರಾನಿನಲ್ಲೇ ಇದೆ, ನಿಜ. ಅದು ಅವರಿಗೂ ಗೊತ್ತು. ಇನ್ನೊಂದು, "ಮಾಡಲೇಬಾರದು" ಎಂದು ಕೈತೊಳೆದುಕೊಳ್ಳುವುದು. ಅವರು ಮಾಡುತ್ತಾರೆ, ನಿಮಗೆ ಹೇಳುವುದಿಲ್ಲ, ಮಾತ್ರೆಯ ಹೊತ್ತನ್ನು ತಾವೇ ಬದಲಿಸಿಕೊಳ್ಳುತ್ತಾರೆ. ಅಪಾಯ ಹುಟ್ಟುವುದು ಅಲ್ಲಿ.

ಮಾತು ಆರೆಂಟು ವಾರ ಮೊದಲೇ ಶುರುವಾಗಬೇಕು. ಚಾಂದ್ರಮಾನದ ತಿಂಗಳಾದ್ದರಿಂದ ರಂಜಾನ್ ವರ್ಷವರ್ಷವೂ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದೆ. ಉತ್ತರದ ದೇಶಗಳಲ್ಲಿ ಬೇಸಿಗೆಗೆ ಬಿದ್ದರೆ ಹಗಲೇ ಹದಿನೆಂಟು ಗಂಟೆ ದಾಟೀತು. ಯಾವ ಔಷಧಿ ಎಂದು ಮೊದಲು ನೋಡಿ. ಇನ್ಸುಲಿನ್ ಮತ್ತು ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳಲ್ಲಿ ಸಕ್ಕರೆ ಏಕಾಏಕಿ ಕುಸಿಯುವ ಭಯ ಹೆಚ್ಚು, ಮೆಟ್‌ಫಾರ್ಮಿನ್ ಒಂದೇ ಆದರೆ ಕಡಿಮೆ. ಡೋಸ್ ಬದಲಿಸುವುದು ವೈದ್ಯರ ಕೆಲಸ. ಅವರ ಹತ್ತಿರ ಕಳಿಸುವುದು ನಿಮ್ಮದು. ಹತ್ತೋಟಿಗೆ ಬಾರದ ಟೈಪ್ 1 ಸಕ್ಕರೆ ಕಾಯಿಲೆ, ಗರ್ಭಿಣಿಗೆ ಇನ್ಸುಲಿನ್, ಮುಂದುವರಿದ ಮೂತ್ರಪಿಂಡದ ಕಾಯಿಲೆ, ಕಳೆದ ಮೂರು ತಿಂಗಳಲ್ಲಿ ಸಕ್ಕರೆ ತೀರಾ ಇಳಿದು ಬಿದ್ದಿದ್ದವರು: ಇವರಿಗೆ ಬೇಡ ಎಂದೇ ಹೇಳಬೇಕು, ಅವರು ಗೌರವಿಸುವ ಧಾರ್ಮಿಕ ಗುರುಗಳು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಉಳಿದವರಿಗೆ ಎರಡು ಅಂಕಿ ಬರೆದುಕೊಡಿ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿ.ಗ್ರಾಂ.ಗಿಂತ ಕೆಳಗಿಳಿದರೆ, 300 ದಾಟಿದರೆ, ಆ ಕ್ಷಣವೇ ಉಪವಾಸ ಮುರಿಯಬೇಕು. ಬೆರಳು ಚುಚ್ಚಿ ನೋಡಿದರೆ ಉಪವಾಸ ಮುರಿಯುತ್ತದೆ ಎಂಬ ತಪ್ಪು ತಿಳಿವಳಿಕೆಯಿಂದ ಎಷ್ಟೋ ಜನ ಪರೀಕ್ಷೆಯನ್ನೇ ಬಿಡುತ್ತಾರೆ. ಮುರಿಯುವುದಿಲ್ಲ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಉಪವಾಸ ಶುರುವಾಗುವ ಮುಂಚಿನ ನಸುಕಿನ ಊಟವನ್ನು ಆದಷ್ಟು ತಡವಾಗಿ, ಕಾಳು ಮತ್ತು ಇಡಿಯ ಧಾನ್ಯದಿಂದ ಮಾಡಲಿ. ಸಂಜೆ ಖರ್ಜೂರ ಬಿಡಿ ಎನ್ನಬೇಡಿ, ಎಣಿಸಿ ಎನ್ನಿ: ದೊಡ್ಡ ಮೆಡ್‌ಜೂಲ್ ಖರ್ಜೂರ ಒಂದರಲ್ಲೇ ಸುಮಾರು 16 ಗ್ರಾಂ ಸಕ್ಕರೆ.

ಸಸ್ಯಾಹಾರಿಗಳಿಗೆ ಒಂದೇ ಮಾತು, ಆದರೆ ಗಟ್ಟಿ ಮಾತು. ಹಾಲು-ಮೊಟ್ಟೆಯನ್ನೂ ಬಿಟ್ಟವರಿಗೆ ಬಿ12 ಜೀವಸತ್ವ ಸಸ್ಯಗಳಿಂದ ಸಿಗುವುದಿಲ್ಲ; ಸ್ಪಿರುಲಿನಾ ಎಂಬ ಪಾಚಿಯಲ್ಲಿ ಇರುವುದು ದೇಹಕ್ಕೆ ಕೆಲಸಕ್ಕೆ ಬಾರದ ನಕಲಿ ರೂಪ. ಮಾತ್ರೆ ಬೇಕು. ಮಾತ್ರೆಯಲ್ಲೇ ಇನ್ನೊಂದು ತಕರಾರು ಅಡಗಿರುತ್ತದೆ. ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಜೆಲಟಿನ್, ಅದು ಹಂದಿ ಅಥವಾ ದನದ್ದು; ಡಿ3 ಜೀವಸತ್ವ ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ತಿಂಗಳುಗಟ್ಟಲೆ ಮಾತ್ರೆ ಕಟ್ಟಿಕೊಟ್ಟರೂ ರಕ್ತ ಏರದಿದ್ದರೆ ಬೈಯುವ ಮೊದಲು ಆ ಡಬ್ಬಿಯ ಹಿಂಬದಿ ಓದಿ. ಊಟದ ಜೊತೆಯೇ ಟೀ ಕುಡಿಯುತ್ತಾರೆಯೇ ಎಂದೂ ಕೇಳಿ: ಸಸ್ಯಗಳ ಕಬ್ಬಿಣಾಂಶ ದಕ್ಕುವುದನ್ನು ಟೀ ಅರ್ಧಕ್ಕೂ ಮಿಗಿಲಾಗಿ ತಗ್ಗಿಸಬಲ್ಲದು. ಟೀ ಬಿಡಿಸಬೇಕಿಲ್ಲ, ಒಂದು ಗಂಟೆ ಸರಿಸಿದರೆ ಸಾಕು.

ಭಾಷೆಯ ಕುರಿತು ನೀವು ಕೇಳಿಲ್ಲ, ಆದರೆ ತಲೆಯಾಡಿಸುವಿಕೆಯ ಅರ್ಧ ಕಾರಣ ಅಲ್ಲಿದೆ. "ನಿಮಗೆ ಕಬ್ಬಿಣ ಕಡಿಮೆ ಇದೆ" ಎಂಬುದು ಅನುವಾದವಾಗುವಾಗ ಲೋಹವಾಗಿಬಿಡುತ್ತದೆ. "ಡಯಟ್" ಎಂದರೆ ಹಲವರಿಗೆ ಉಣ್ಣದೆ ಇರುವುದು. ಹಾಗಾಗಿ ಪೋಷಕಾಂಶದ ಹೆಸರಿಗಿಂತ ಅದರ ಕೆಲಸ ಹೇಳಿ: ರಕ್ತ ಮಾಡುವುದು, ಮೂಳೆ ಗಟ್ಟಿ ಮಾಡುವುದು. ಮಕ್ಕಳನ್ನು ದುಭಾಷಿ ಮಾಡಿಕೊಳ್ಳಬೇಡಿ. ಅಮ್ಮನ ಮಲಬದ್ಧತೆ, ಮುಟ್ಟಿನ ವಿಷಯವನ್ನು ಹತ್ತು ವರ್ಷದ ಹುಡುಗ ಹೇಳುವುದಿಲ್ಲ, ನುಂಗುತ್ತಾನೆ. "ಅರ್ಥವಾಯಿತೇ" ಎಂಬ ಪ್ರಶ್ನೆಗೆ ಯಾವ ಭಾಷೆಯಲ್ಲೂ ಉತ್ತರ "ಹೌದು" ಎಂದೇ. ಬದಲಿಗೆ "ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ, ನನಗೊಮ್ಮೆ ಹೇಳಿ ನೋಡೋಣ" ಎನ್ನಿ. ತಪ್ಪಾಗಿ ಬಂದರೆ ನೀವು ಹೇಳಿದ್ದು ಸರಿಯಾಗಿರಲಿಲ್ಲ ಎಂದೇ ಲೆಕ್ಕ.

ಆಯಾ ಸಮುದಾಯದವರಿಗೇ ತರಬೇತಿ ಕೊಟ್ಟು ಜೊತೆಗಿಟ್ಟುಕೊಳ್ಳುವ ದಾರಿಯೂ ಇದೆ, ಕೆಲಸ ಮಾಡುತ್ತದೆ. ತೊಂದರೆಗಳು ಗೊತ್ತಿರಲಿ: ಸಲಹೆಯ ಕೋಣೆಯ ಮಾತು ಬೀದಿಗೆ ಹೋಗಬಹುದು, ಮುಂದೆ ಬರುವವರು ಹೆಚ್ಚಾಗಿ ಆ ಸಮುದಾಯದ ಉಳ್ಳವರೇ ಆಗಿದ್ದು ಬಡವರ ಅಡುಗೆಮನೆ ಅವರಿಗೂ ಹೊರಗಿನದೇ ಆಗಿರಬಹುದು. ಗೋಪ್ಯತೆಯ ನಿಯಮ ಮೊದಲ ದಿನವೇ ಹೇಳಿ, ಅವರ ಕೆಲಸಕ್ಕೆ ಸಂಬಳ ಕೊಡಿಸಿ.

"ಇದು ನಮ್ಮ ಊಟ ಅಲ್ಲ" ಎಂದವರು ನಿಮಗೆ ದೊಡ್ಡ ಉಪಕಾರ ಮಾಡಿದ್ದಾರೆ, ಉಳಿದವರು ಅಷ್ಟನ್ನೂ ಹೇಳದೆ ಎದ್ದು ಹೋದರು. ಮುಂದಿನ ಸಲ ಅವರು ಬಂದಾಗ ಚಾರ್ಟ್ ಮಡಚಿ ಬದಿಗಿಟ್ಟು, ಮೊದಲಿದ್ದ ಕಡೆ ತಿನ್ನುತ್ತಿದ್ದು ಇಲ್ಲಿಗೆ ಬಂದ ಮೇಲೆ ಬಿಟ್ಟದ್ದು ಏನೇನು ಎಂದು ಕೇಳಿ. ಆ ಪಟ್ಟಿಯಲ್ಲಿ ಕಾಳು, ಸೊಪ್ಪು, ಇಡಿಯ ಧಾನ್ಯ ಸಿಕ್ಕಿದರೆ ಹೊಸದಾಗಿ ಏನನ್ನೂ ಕಲಿಸಬೇಕಿಲ್ಲ. ಯಾಕೆ ಬಿಟ್ಟುಹೋಯಿತು, ಸಿಗುವುದಿಲ್ಲವೋ, ದುಬಾರಿಯೋ, ಮಾಡಲು ಹೊತ್ತಿಲ್ಲವೋ ಎಂಬುದನ್ನು ಕೂತು ಬಿಡಿಸಿದರಾಯಿತು.